ಕುಂದಗೋಳದ ರಾಮಭಾವು

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಮುಖ್ಯೋಪಾಧ್ಯಾಯರು ಫೋನ್ ಮಾಡಿದ್ದರು. ಕಂಪ್ಯೂಟರ್ ಕ್ಷೇತ್ರದ ಉದ್ಯೋಗಾವಕಾಶಗಳ ಬಗ್ಗೆ ಬರೆದರೆ ಮಕ್ಕಳಿಗೆ ಅನುಕೂಲವಾದೀತು ಎಂಬ ಸೂಚನೆಯೂ ಜೊತೆಗೆ ಬಂತು. ಒಪ್ಪಿಕೊಂಡೆ. ಎರಡು ಸಲ ಬರೆಯಲು ಕುಳಿತೆ. ಸಂಚಿಕೆ ಅಚ್ಚಾಗಿ ಊರಿಗೆ ಬರುವಷ್ಟರಲ್ಲಿ ಆ ಮಾಹಿತಿ ಹಳೆಯದಾಗಿರುತ್ತದೆ ಎನ್ನಿಸಿ ಎರಡು ಸಲವೂ ಬಿಟ್ಟೆ. ಅದರ ಬದಲು ನಮ್ಮದೇ ಕುಂದಗೋಳ ತಾಲ್ಲೂಕಿನ ಒಬ್ಬ ದೊಡ್ಡವರ ಜೀವನವನ್ನು ನಾನು ತಿಳಿದುಕೊಂಡಷ್ಟು ಬರೆಯುತ್ತಿದ್ದೇನೆ. ಗುರುಗಳು ಕ್ಷಮಿಸಬೇಕು.

ಎಸ್.ಎಸ್.ಎಲ್.ಸಿ., ಪಿ.ಯು.ಸಿ. ಮುಗಿಸಿ ನಾನು ಬಿ.ಇ. ಓದಲು ಹುಬ್ಬಳ್ಳಿಗೆ ಹೋದಾಗ ನಮ್ಮ ಸೋದರಮಾವನ ಮನೆ ದೇಶಪಾಂಡೆ ನಗರದಲ್ಲಿತ್ತು. ನಾಲ್ಕು ವರ್ಷ ಅಲ್ಲೇ ಇದ್ದೆ. ದಿನಾ ಕಾಲೇಜಿನ ಬಸ್ಸಿಗೆ ಹೋಗುವಾಗ ಸವಾಯಿ ಗಂಧರ್ವ ಸಭಾಭವನದ ಮುಂದೆಯೇ ಹಾದುಹೋಗುತ್ತಿದ್ದೆ. ಒಳಗೆ ಒಂದೆರಡು ಸಲ ಹೋದದ್ದು ವಸ್ತುಪ್ರದರ್ಶನಕ್ಕೆ, ಅತ್ತಿಗೆಗೆ ಸೀರೆ ಕೊಳ್ಳುವುದಿತ್ತು. ಸವಾಯಿ ಗಂಧರ್ವ ಎಂದರೆ ಆ ಕಟ್ಟಡಕ್ಕೆ ದೇಣಿಗೆ ಕೊಟ್ಟ ಯಾವುದೋ ಶ್ರೀಮಂತ ಮನೆತನದ ಹೆಸರಿರಬೇಕು ಎಂದುಕೊಂಡಿದ್ದೆ. ಅದೇ ಬಡಾವಣೆಯಲ್ಲಿ ಗಂಗೂಬಾಯಿ ಹಾನಗಲ್ ಅವರ ‘ಗಂಗಾ ಲಹರಿ’ ಮನೆ ಇದೆ. ಅವರ ಹೆಸರು ಗೊತ್ತಿತ್ತು, ಪುಸ್ತಕದಲ್ಲಿ ಓದಿದ್ದೆವು. ಆದರೆ ಆ ಮನೆಗೂ ಈ ಸಭಾಭವನದ ಹೆಸರಿಗೂ ಏನು ಸಂಬಂಧ, ಆ ಎರಡಕ್ಕೂ ನಮ್ಮೂರ ಪಕ್ಕದ ಕುಂದಗೋಳಕ್ಕೂ ಏನು ಸಂಬಂಧ ಎಂದು ಒಂದು ದಿನವೂ ಕೇಳಿಕೊಳ್ಳಲಿಲ್ಲ.

ಕೇಳಿಕೊಳ್ಳುವಂತೆ ಮಾಡಿದವನು ಎಸ್ಟೋನಿಯಾ ದೇಶದ ಒಬ್ಬ ಸಹೋದ್ಯೋಗಿ. ನಾವು ಬೆಂಗಳೂರಿನಿಂದ ಮಾಡುತ್ತಿದ್ದ ಒಂದು ಕೆಲಸದ ಅರ್ಧ ತಂಡ ಅವರ ರಾಜಧಾನಿ ಟಾಲಿನ್‌ನಲ್ಲಿತ್ತು. ಅದು ಹದಿಮೂರು ಲಕ್ಷ ಚಿಲ್ಲರೆ ಜನರ ಪುಟ್ಟ ದೇಶ. 1869ರಿಂದ ಅಲ್ಲಿ ಹಾಡಿನ ಜಾತ್ರೆ ನಡೆಯುತ್ತಾ ಬಂದಿದೆ, ಸಾವಿರಾರು ಜನ ಒಟ್ಟಿಗೆ ನಿಂತು ಹಾಡುತ್ತಾರೆ. ಗುಸ್ತಾವ್ ಎರ್ನೆಸಾಕ್ಸ್ ಎಂಬವರು ಆ ಜಾತ್ರೆಯ ಮುಂದೆ ನಿಂತು ಕೈ ಆಡಿಸುತ್ತಿದ್ದ ಸಂಗೀತಗಾರರು. ಸೋವಿಯತ್ ಆಳ್ವಿಕೆಯ ಕಾಲದಲ್ಲಿ ಆ ಜನರ ಭಾಷೆಯನ್ನೂ ಮನಸ್ಸನ್ನೂ ಒಟ್ಟಿಗೆ ಹಿಡಿದವರಲ್ಲಿ ಅವರೊಬ್ಬರು. ಹಾಡಿನ ಮೈದಾನದಲ್ಲಿ ಅವರ ಪ್ರತಿಮೆ ಇದೆ. ಆ ಹುಡುಗ ಇದನ್ನೆಲ್ಲ ಹೆಮ್ಮೆಯಿಂದ ಹೇಳಿ, ನಿಮ್ಮ ಊರ ಕಡೆ ಹಾಗೆ ಹಾಡು ಕಲಿಸಿದವರು ಯಾರು ಎಂದು ಕೇಳಿದ. ನನಗೆ ಉತ್ತರ ಹೊಳೆಯಲಿಲ್ಲ. ರಾತ್ರಿ ಮನೆಗೆ ಹೋಗಿ ಹುಡುಕಿದೆ. ಉತ್ತರ ನಮ್ಮ ಊರಿನಿಂದ ರೈಲಿನಲ್ಲಿ ಕೆಲವೇ ನಿಮಿಷಗಳ ದೂರದಲ್ಲಿ ಇತ್ತು.

ಸವಾಯಿ ಗಂಧರ್ವರ ಹುಟ್ಟುಹೆಸರು ರಾಮಚಂದ್ರ. ಮನೆಯಲ್ಲಿ, ಊರಲ್ಲಿ ಕರೆಯುತ್ತಿದ್ದದ್ದು ರಾಮಭಾವು ಎಂದು. 1886ರ ಜನವರಿ 19ರಂದು ಕುಂದಗೋಳದಲ್ಲಿ ಹುಟ್ಟಿದರು. ತಂದೆ ಗಣೇಶ ಸಂಶಿ. ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಕುಂದಗೋಳ ದಾಟಿದರೆ ಬರುವ ಸಂಶಿಯೇ ಅದು. ಆಗ ಕುಂದಗೋಳ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ಗಣೇಶರಾಯರು ಕುಂದಗೋಳದ ಜಹಗೀರದಾರರಾದ ನಾಡಿಗೇರ ಮನೆತನದಲ್ಲಿ ಕಾರಕೂನಿಕೆ ಮಾಡುತ್ತಿದ್ದರು. ಕಾರಕೂನನ ಮಗ ನಾಲ್ಕಕ್ಷರ ಕಲಿತು ಅದೇ ಗಾದಿಯ ಮೇಲೆ ಕುಳಿತು ಲೆಕ್ಕ ಬರೆದರೆ ಸಾಕಾಗಿತ್ತು. ಹುಡುಗನನ್ನು ಹುಬ್ಬಳ್ಳಿಯ ಲ್ಯಾಮಿಂಗ್ಟನ್ ಶಾಲೆಗೆ ಹಾಕಿದ್ದರು, ಕುಂದಗೋಳದಿಂದ ರೈಲಿನಲ್ಲಿ ಹೋಗಿಬರುತ್ತಿದ್ದ ಎಂದು ಹೇಳುತ್ತಾರೆ. ಓದು ಮುಂದುವರಿಯಲಿಲ್ಲ. ಪದ್ಯಗಳನ್ನು ರಾಗವಾಗಿ ಹೇಳುವುದರಲ್ಲಿ ಇದ್ದ ಮನಸ್ಸು ಬೇರೆ ಪಾಠಗಳಲ್ಲಿ ಇರಲಿಲ್ಲ.

ಮೊದಲ ಗುರು ಬಲವಂತರಾವ್ ಕೊಲ್ಹಟ್ಕರ್. ಅವರಿಂದ ಹುಡುಗ ಕಲಿತದ್ದರ ಲೆಕ್ಕ ನೋಡಿದರೆ ಆಶ್ಚರ್ಯವಾಗುತ್ತದೆ: 75 ಧ್ರುಪದಗಳು, 25 ತರಾನಾಗಳು, ಇನ್ನೂ ನೂರರಷ್ಟು ಬೇರೆ ಚೀಜುಗಳು, ಕೆಲವು ತಾಳಗಳು. 1898ರಲ್ಲಿ ಕೊಲ್ಹಟ್ಕರ್ ತೀರಿಕೊಂಡಾಗ ರಾಮಭಾವುಗೆ ಇನ್ನೂ ಹನ್ನೆರಡು ವರ್ಷ. ಏಳನೆಯ ತರಗತಿಯ ಹುಡುಗ ಎಂದುಕೊಳ್ಳಿ. ಇನ್ನೂರು ರಚನೆಗಳು ಬಾಯಿಗೆ ಬಂದಿವೆ, ಮುಂದೆ ಕಲಿಸುವವರು ಊರಲ್ಲಿ ಯಾರೂ ಇಲ್ಲ.

ಆ ಹೊತ್ತಿನಲ್ಲಿ ಕುಂದಗೋಳಕ್ಕೆ ಬಂದವರು ಉಸ್ತಾದ್ ಅಬ್ದುಲ್ ಕರೀಮ್ ಖಾನ್ ಸಾಹೇಬರು. ಉತ್ತರ ಪ್ರದೇಶದ ಕೈರಾನಾ ಎಂಬ ಊರಿನವರು, ಕಿರಾನಾ ಘರಾಣೆ ಎಂಬ ಹೆಸರು ಬಂದದ್ದೇ ಆ ಊರಿನಿಂದ. ಬರೋಡಾ ದರ್ಬಾರನ್ನು ಬಿಟ್ಟು ಈ ಕಡೆಗೆ ಬಂದು ಕೊನೆಗೆ ಮೀರಜ್‌ನಲ್ಲಿ ನೆಲೆಸಿದರು. ಮೈಸೂರು ಅರಮನೆಯ ಕರೆಗೆ ಹೋಗಿಬರುವಾಗ ಧಾರವಾಡ, ಹುಬ್ಬಳ್ಳಿ, ಕುಂದಗೋಳ ಅವರ ದಾರಿಯಲ್ಲೇ ಇದ್ದವು. ನಾಡಿಗೇರ ವಾಡೆಯಲ್ಲಿ ಅವರಿಗೆ ಇಳಿದುಕೊಳ್ಳಲು ಜಾಗ ಇತ್ತು, ಹಾಡಿದರೆ ಕೇಳುವ ಜನರಿದ್ದರು. ಒಂದು ವಿಷಯ ನನಗೆ ಇಂದಿಗೂ ಬೆರಗು: ಉತ್ತರದ ಮುಸ್ಲಿಂ ಉಸ್ತಾದರೊಬ್ಬರು, ದಕ್ಷಿಣದ ಅರಮನೆಗೆ ಹೋಗುವ ದಾರಿಯಲ್ಲಿ, ಮೆಣಸಿನಕಾಯಿ ಬೆಳೆಯುವ ನಮ್ಮ ಎರೆಭೂಮಿಯ ಒಂದು ಊರಲ್ಲಿ ನಿಂತದ್ದರಿಂದ ಹಿಂದುಸ್ತಾನಿ ಸಂಗೀತದ ದಿಕ್ಕೇ ಬದಲಾಯಿತು. ಆ ವಾಡೆ ರೈಲುಮಾರ್ಗದಿಂದ ದೂರ ಇದ್ದಿದ್ದರೆ ಏನಾಗುತ್ತಿತ್ತೋ.

ವಾಡೆಯಲ್ಲಿ ಖಾನ್ ಸಾಹೇಬರ ಕಣ್ಣಿಗೆ ಈ ಹುಡುಗ ಬಿದ್ದ. ಶಿಷ್ಯನನ್ನಾಗಿ ಸ್ವೀಕರಿಸಲು ಅವರು ಹಾಕಿದ ಕರಾರು ಒಂದೇ, ಕನಿಷ್ಠ ಎಂಟು ವರ್ಷ ತಮ್ಮ ಬಳಿ ಇರಬೇಕು. ತಂದೆ ಒಪ್ಪಿದರು. ಎಂಟು ವರ್ಷ ಎಂದರೆ ನಮ್ಮ ಲೆಕ್ಕದಲ್ಲಿ ಹೈಸ್ಕೂಲಿನಿಂದ ಹಿಡಿದು ಬಿ.ಇ. ಮುಗಿಯುವವರೆಗೆ. ಅಷ್ಟೂ ದಿನ ಗುರುವಿನ ಮನೆಯಲ್ಲೇ ವಾಸ, ಗುರು ಹೋದಲ್ಲಿಗೆ ಹೋಗುವುದು, ಹಿಂದೆ ಕುಳಿತು ತಂಬೂರಿ ಹಿಡಿಯುವುದು, ಹೇಳಿದ್ದನ್ನು ಮಾಡುವುದು.

ರಾಮಭಾವು ಅವರದು ಹುಟ್ಟಿನಿಂದ ಇಂಪಾದ ಧ್ವನಿಯಲ್ಲ. ಇದನ್ನು ಅವರ ಬಗ್ಗೆ ಬರೆದವರೆಲ್ಲರೂ ಹೇಳುತ್ತಾರೆ. ಗಡಸು, ಸುಲಭಕ್ಕೆ ಬಾಗದ ಕಂಠ. ಖಾನ್ ಸಾಹೇಬರ ಧ್ವನಿಯೋ ಕೊಳಲಿನ ಹಾಗೆ ನಯವಾದದ್ದು, ಎತ್ತರದ್ದು. ಗುರುವಿನ ಹಾಗೆ ಹಾಡಲು ಶಿಷ್ಯನಿಗೆ ಸಾಧನವೇ ಇರಲಿಲ್ಲ. ಸ್ವರದ ಮೇಲೆ ಸ್ವರ ಕೂರಿಸಿ, ಅದನ್ನೇ ನೂರು ಸಲ ತಿಕ್ಕಿ, ಇದ್ದ ಕಂಠವನ್ನೇ ಪಳಗಿಸಿಕೊಂಡರು. ಮುಂದೆ ದೊಡ್ಡ ಗವಾಯಿಗಳಾದ ಮೇಲೂ ಅವರ ಕಚೇರಿ ಶುರುವಾದ ಸ್ವಲ್ಪ ಹೊತ್ತು ಧ್ವನಿ ಹಟ ಮಾಡುತ್ತಿತ್ತಂತೆ. ಬಲ್ಲವರು ಎದ್ದುಹೋಗದೆ ಕಾಯುತ್ತಿದ್ದರು. ಒಮ್ಮೆ ಕಂಠ ಕಾದು ಹದಕ್ಕೆ ಬಂತೆಂದರೆ ಆಮೇಲೆ ಯಾರೂ ಏಳುವ ಮಾತೇ ಇರಲಿಲ್ಲ.

ಈ ಘರಾಣೆಯ ರೀತಿ ಏನು ಎಂದು ನನ್ನಂಥ ಅರೆತಿಳಿವಳಿಕೆಯವನು ಹೇಳುವುದು ಉದ್ಧಟತನವಾದೀತು. ಆದರೂ ಸಂಗೀತ ಗೊತ್ತಿಲ್ಲದ ಓದುಗರಿಗಾಗಿ ಒಂದು ಮಾತು. ಕೆಲವರು ರಾಗವನ್ನು ಹಾಡುವಾಗ ತಾಳದ ಆಟ, ತಾನುಗಳ ರಭಸ ಮುಂದೆ ಬರುತ್ತದೆ. ಕಿರಾನಾದವರಿಗೆ ಸ್ವರವೇ ಮುಖ್ಯ. ವಿಲಂಬಿತದಲ್ಲಿ ಷಡ್ಜದಿಂದ ಹೊರಟು ಮುಂದಿನ ಸ್ವರಕ್ಕೆ ಹೋಗಲು ಅವಸರವೇ ಇಲ್ಲ. ಒಂದು ಸ್ವರದ ಸುತ್ತ ಸುತ್ತಿ, ಅದರ ರುಚಿ ಪೂರ್ತಿ ತೋರಿಸಿದ ಮೇಲೆ ಇನ್ನೊಂದು. ಜಿಪುಣ ತನ್ನ ಗಂಟಿನಿಂದ ಒಂದೊಂದೇ ನಾಣ್ಯ ತೆಗೆಯುವ ಹಾಗೆ ಸ್ವರವನ್ನು ಬಿಚ್ಚಬೇಕು ಎಂಬ ಹೋಲಿಕೆಯನ್ನು ಗಂಗೂಬಾಯಿಯವರು ತಮ್ಮ ಗುರುಗಳ ಪಾಠದ ಬಗ್ಗೆ ಮಾತಾಡುವಾಗ ಕೊಡುತ್ತಿದ್ದರು.

ಇನ್ನು ನಾಟಕದ ವಿಷಯ. ರಾಮಭಾವು ತಾರುಣ್ಯದಲ್ಲಿ ಮರಾಠಿ ಸಂಗೀತ ನಾಟಕ ಕಂಪನಿಗೆ ಸೇರಿದರು. ಖಾನ್ ಸಾಹೇಬರಿಗೆ ಅದು ಹಿಡಿಸಲಿಲ್ಲ. ವರ್ಷಗಟ್ಟಲೆ ತಿದ್ದಿದ ಕಂಠವನ್ನು ದಿನಾ ರಾತ್ರಿ ನಾಟಕದ ಪದಗಳಿಗೆ ಸವೆಸುವುದು ಅವರಿಗೆ ಸರಿಕಾಣಲಿಲ್ಲ. ಆದರೂ ಶಿಷ್ಯ ಹೋದರು.

ಅವರ ಜೀವನ ಓದುವಾಗ ಈ ಜಾಗದಲ್ಲಿ ನಾನು ಬಹಳ ದಿನ ನಿಂತುಬಿಟ್ಟೆ. ಕೆಲವು ಬರಹಗಳಲ್ಲಿ ಇದು ಗುರುದ್ರೋಹದಂತೆ, ಕೆಲವದರಲ್ಲಿ ಚಿಕ್ಕ ಮುನಿಸಿನಂತೆ ಬರುತ್ತದೆ. ನನ್ನ ಅಭಿಪ್ರಾಯ ಬೇರೆ. ಆ ಕಾಲದಲ್ಲಿ ಗವಾಯಿಗೆ ರಾಜರ, ಜಹಗೀರದಾರರ ಕರೆ ಬಂದರೆ ಊಟ, ಇಲ್ಲವಾದರೆ ಇಲ್ಲ. ನಾಟಕ ಕಂಪನಿಯಲ್ಲಿ ತಿಂಗಳ ಸಂಬಳ, ಹೆಸರು, ಸಾವಿರ ಜನರ ಮುಂದೆ ಹಾಡುವ ಅವಕಾಶ. ಕಾರಕೂನರ ಮನೆಯ ಮಗನಿಗೆ ಇದು ಕಾಣದೆ ಇದ್ದೀತೆ? ಇದು ನನ್ನ ಊಹೆ, ಅವರು ಹೀಗೆ ಹೇಳಿದ್ದಾರೆ ಎಂದಲ್ಲ. ನನಗೆ ಹೀಗೆ ಅನ್ನಿಸಲು ನನ್ನದೇ ಕಾರಣವಿದೆ. ನಾನು ಹತ್ತನೆಯ ತರಗತಿಯಲ್ಲಿದ್ದಾಗ ನಮಗೆ ಗಣಿತ ಹೇಳುತ್ತಿದ್ದ ಸರ್ ಸಂಜೆ ಏಳರವರೆಗೆ ಶಾಲೆಯಲ್ಲೇ ಇದ್ದು ನಾಲ್ಕೈದು ಹುಡುಗರಿಗೆ ಫೀ ಇಲ್ಲದೆ ಪಾಠ ಮಾಡಿದರು. ಪ್ರತಿಯಾಗಿ ಒಂದು ಮಾತು ತೆಗೆದುಕೊಂಡರು. ಎಂಜಿನಿಯರಿಂಗ್ ಮುಗಿದ ಮೇಲೆ ಒಂದು ವರ್ಷ ಶನಿವಾರ ಭಾನುವಾರ ಊರಿಗೆ ಬಂದು ಕಿರಿಯ ಹುಡುಗರಿಗೆ ಕಲಿಸಬೇಕು ಎಂದು. ನಾನು ಕೊನೆಯ ವರ್ಷದಲ್ಲಿರುವಾಗಲೇ ಬೆಂಗಳೂರಿನ ಕೆಲಸ ಸಿಕ್ಕಿತು. ಮನೆಯಲ್ಲಿ ಸಾಲ ಇತ್ತು, ತಂಗಿಯ ಮದುವೆ ಇತ್ತು. ಹೋದೆ. ಪ್ರತಿ ಯುಗಾದಿಗೆ ಫೋನ್ ಮಾಡಿ ಮುಂದಿನ ವರ್ಷ ಎನ್ನುತ್ತಿದ್ದೆ. ಸರ್ ತೀರಿಕೊಂಡು ಈಗ ಆರು ವರ್ಷ. ರಾಮಭಾವು ಅವರನ್ನು ನಾನು ಪಾರು ಮಾಡಲು ಹೊರಟಿಲ್ಲ, ಅವರಿಗೆ ಅದರ ಅಗತ್ಯವೂ ಇಲ್ಲ. ಬಿಟ್ಟುಹೋಗುವವನಿಗೂ ಅದು ಹಗುರವಾಗಿರುವುದಿಲ್ಲ ಎಂಬುದಷ್ಟೇ ನನಗೆ ಗೊತ್ತು.

ಆಗ ರಂಗದ ಮೇಲೆ ಸ್ತ್ರೀಪಾತ್ರಗಳನ್ನು ಗಂಡಸರೇ ಮಾಡುತ್ತಿದ್ದರು. ನಾಟ್ಯಕಲಾ ಪ್ರವರ್ತಕ ಮಂಡಳಿಯಲ್ಲಿ ರಾಮಭಾವು ಸ್ತ್ರೀಪಾತ್ರಗಳಿಂದಲೇ ಹೆಸರಾದರು. ‘ಸಂಗೀತ ಸೌಭದ್ರ’ದ ಸುಭದ್ರೆ ಅವರ ದೊಡ್ಡ ಪಾತ್ರ. ಆ ನಾಟಕ ಬರೆದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಮರಾಠಿ ರಂಗಭೂಮಿಯ ಬೇರು ನಮ್ಮ ಕಡೆಯ ಮಣ್ಣಿನಲ್ಲೂ ಇದೆ ಎಂಬುದಕ್ಕೆ ಈ ಮಾತು ಹೇಳಿದೆ. ಮಹಾರಾಷ್ಟ್ರದಲ್ಲಿ ಆಗ ಸ್ತ್ರೀಪಾತ್ರ ಎಂದರೆ ಬಾಲಗಂಧರ್ವರು. ನಾರಾಯಣರಾವ್ ರಾಜಹಂಸ ಎಂಬ ಆ ನಟರಿಗೆ ಚಿಕ್ಕಂದಿನಲ್ಲಿ ಬಾಲಗಂಧರ್ವ ಎಂದು ಹೆಸರಿಟ್ಟವರು ಲೋಕಮಾನ್ಯ ತಿಲಕರು. ಅಂಥವರು ರಂಗದ ಮೇಲೆ ಮೆರೆಯುತ್ತಿರುವಾಗ ಕುಂದಗೋಳದ ಒಬ್ಬ ಹುಡುಗ ಅದೇ ಬಗೆಯ ಪಾತ್ರ ಹಿಡಿದು ನಿಲ್ಲುವುದು ಸಣ್ಣ ಮಾತಲ್ಲ.

ಅಮರಾವತಿಯಲ್ಲಿ ಸೌಭದ್ರ ನಾಟಕ ನೋಡಿದ ದಾದಾಸಾಹೇಬ ಖಾಪರ್ಡೆ, ತಿಲಕರ ಒಡನಾಡಿ ಮತ್ತು ಅಲ್ಲಿಯ ಹೆಸರಾಂತ ವಕೀಲರು, ಇವರಿಗೆ ಸವಾಯಿ ಗಂಧರ್ವ ಎಂದು ಬಿರುದು ಕೊಟ್ಟರು. ಇಂದಿನ ಮಕ್ಕಳಿಗೆ ಸವಾ ಎಂದರೆ ಗೊತ್ತಿರಲಿಕ್ಕಿಲ್ಲ. ನಮ್ಮ ಅಜ್ಜಂದಿರು ಸವಾ ಸೇರು, ಸವಾ ರೂಪಾಯಿ ಎನ್ನುತ್ತಿದ್ದರು. ಅವರು ಶಾಲೆಯಲ್ಲಿ ಸವಾಯಿ, ದೀಡಕಿ, ಅಡೀಚಕಿ ಮಗ್ಗಿಗಳನ್ನು ಬಾಯಿಪಾಠ ಮಾಡಿದವರು. ಸವಾ ಅಂದರೆ ಒಂದೂ ಕಾಲು. ಗಂಧರ್ವ ಒಂದಾದರೆ ಇವರು ಅದಕ್ಕಿಂತ ಕಾಲುಪಾಲು ಹೆಚ್ಚು ಎಂದರ್ಥ. ಬಾಲಗಂಧರ್ವರ ಅಭಿಮಾನಿಗಳಿಗೆ ಇದು ಹೇಗೆ ಕಂಡಿತೋ ಏನೋ. ಅಂತೂ ಅಂದಿನಿಂದ ಹುಟ್ಟುಹೆಸರು ಹಿಂದೆ ಸರಿದು ಬಿರುದೇ ಹೆಸರಾಯಿತು. ನಾನು ಶ್ರೀಮಂತ ಮನೆತನದ ಅಡ್ಡಹೆಸರು ಎಂದುಕೊಂಡದ್ದು ಒಂದು ಮಗ್ಗಿಯ ಲೆಕ್ಕ!

1931ರಲ್ಲಿ ಮಾತಾಡುವ ಸಿನಿಮಾ ಬಂದ ಮೇಲೆ ನಾಟಕ ಕಂಪನಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಸವಾಯಿ ಗಂಧರ್ವರು ರಂಗಭೂಮಿಯಿಂದ ಹೊರಬಂದು ಪೂರ್ತಿಯಾಗಿ ಕಚೇರಿ ಮತ್ತು ಪಾಠಕ್ಕೆ ತಿರುಗಿದರು. ಆಗ ಅವರ ವಯಸ್ಸು ನಲವತ್ತೈದರ ಆಸುಪಾಸು. ಅವರ ಧ್ವನಿಮುದ್ರಿಕೆಗಳು ಹೆಚ್ಚಿಲ್ಲ. ಇರುವವು ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ತಟ್ಟೆಗಳು, ಒಂದು ಮಗ್ಗುಲಿಗೆ ಮೂರು ಮೂರೂವರೆ ನಿಮಿಷ. ಒಂದು ಗಂಟೆ ಹರಡಿಕೊಂಡು ಹಾಡುವ ರೀತಿಯವರನ್ನು ಮೂರು ನಿಮಿಷದಲ್ಲಿ ಮುಗಿಸಿ ಎಂದರೆ ಹೇಗೆ? ಆ ತಟ್ಟೆಗಳನ್ನು ಕೇಳಿ ಅವರ ಸಂಗೀತವನ್ನು ಅಳೆಯಬಾರದು ಎಂದು ಬಲ್ಲವರು ಹೇಳುತ್ತಾರೆ. ನಾನು ಕೇಳಿದ್ದೇನೆ. ಕರಕರ ಸದ್ದಿನ ನಡುವೆ ಆ ಗಡಸು ಕಂಠ ಒಂದು ಸ್ವರಕ್ಕೆ ಬಂದು ಸರಿಯಾಗಿ ಕೂರುತ್ತದಲ್ಲ, ಅದು ಮೂರು ನಿಮಿಷದಲ್ಲೂ ತಿಳಿಯುತ್ತದೆ.

ಅವರ ಸಂಗೀತ ಉಳಿದದ್ದು ತಟ್ಟೆಗಳಲ್ಲಿ ಅಲ್ಲ, ಶಿಷ್ಯರ ಕಂಠದಲ್ಲಿ.

ಗಂಗೂಬಾಯಿ ಹಾನಗಲ್ ಅವರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಬಂದು ಕಲಿಯುತ್ತಿದ್ದರು. ಅವರ ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಮಗಳು ಹಿಂದುಸ್ತಾನಿ ಕಲಿಯಲಿ ಎಂದು ತಾಯಿ ತಮ್ಮ ಹಾಡನ್ನೇ ಬದಿಗಿಟ್ಟರು. ಗಂಗೂಬಾಯಿ ಆಗಲೇ ಮಕ್ಕಳ ತಾಯಿ, ಹೆಸರು ಮಾಡುತ್ತಿದ್ದ ಗಾಯಕಿ. ಜಾತಿಯ ಕಾರಣಕ್ಕೆ, ಹೆಣ್ಣು ಹಾಡುತ್ತಾಳೆಂಬ ಕಾರಣಕ್ಕೆ ಧಾರವಾಡದ ಬೀದಿಯಲ್ಲಿ ಅವರು ಕೇಳಿದ ಮಾತುಗಳು ಒಂದೆರಡಲ್ಲ. ಹುಬ್ಬಳ್ಳಿ ಕುಂದಗೋಳದ ನಡುವೆ ಇಪ್ಪತ್ತು ಕಿಲೋಮೀಟರ್ ಚಿಲ್ಲರೆ. ಪಾಠ ಮುಗಿಸಿ ರಾತ್ರಿಯ ಗಾಡಿಗೆ ಮರಳುವುದು. ಪಾಠದಲ್ಲಿ ಸಿಗುತ್ತಿದ್ದದ್ದೂ ಬಹಳವಲ್ಲ. ರಾಗದ ಒಂದು ಸಣ್ಣ ತುಣುಕು, ಅದನ್ನೇ ತಿರುಗಿ ತಿರುಗಿ. ಅದು ಕೂತ ಮೇಲೆಯೇ ಮುಂದಿನದು. ಈಗ ನಾವು ಅದೇ ಹಳಿಯ ಮೇಲೆ ಮೊಬೈಲ್ ನೋಡುತ್ತ ಹೋಗುತ್ತೇವೆ. ಅಂದು ಮೀಟರ್ ಗೇಜ್ ಗಾಡಿಯ ಕಿಟಕಿಯ ಪಕ್ಕ ಕುಳಿತು ಒಬ್ಬ ತಾಯಿ ಆ ತುಣುಕನ್ನು ಮನಸ್ಸಿನಲ್ಲಿ ಹಾಡಿಕೊಳ್ಳುತ್ತ ಹೋಗಿರಬೇಕು.

ಭೀಮಸೇನ ಜೋಶಿಯವರ ಕಥೆ ಹೆಚ್ಚು ಜನರಿಗೆ ಗೊತ್ತು. ರೋಣದಲ್ಲಿ ಹುಟ್ಟಿ ಗದಗಿನಲ್ಲಿ ಬೆಳೆದ ಹುಡುಗ, ಹನ್ನೊಂದನೆಯ ವಯಸ್ಸಿಗೆ ಗುರುವನ್ನು ಹುಡುಕಿ ಮನೆ ಬಿಟ್ಟು ಓಡಿದ. ಗ್ವಾಲಿಯರ್, ಜಲಂಧರ್ ಎಂದು ಉತ್ತರವನ್ನೆಲ್ಲ ಸುತ್ತಿದ. ಕೊನೆಗೆ ತಂದೆ ಜಲಂಧರದಲ್ಲಿ ಪತ್ತೆಹಚ್ಚಿ ಕರೆತಂದರು. ಸಾವಿರಾರು ಮೈಲಿ ಅಲೆದ ಮೇಲೆ ಗುರು ಸಿಕ್ಕಿದ್ದು ಗದಗಿನಿಂದ ಒಂದು ದಿನದ ಹಾದಿಯೂ ಇಲ್ಲದ ಕುಂದಗೋಳದಲ್ಲಿ, 1936ರಲ್ಲಿ. ಬಂದ ತಕ್ಷಣ ಪಾಠ ಶುರುವಾಗಲಿಲ್ಲ. ಮನೆಗೆಲಸ, ಮುಖ್ಯವಾಗಿ ನೀರು ಹೊರುವುದು. ಬೇಸಿಗೆಯಲ್ಲಿ ನಮ್ಮ ಕಡೆ ನೀರು ಹೊರುವುದೆಂದರೆ ಏನು ಎಂದು ಈ ಸಂಚಿಕೆಯ ಓದುಗರಿಗೆ ವಿವರಿಸಬೇಕಾಗಿಲ್ಲ. ಆಮೇಲೆ ಪಾಠ ಸಿಕ್ಕಾಗ ತೋಡಿ, ಮುಲ್ತಾನಿ, ಪೂರಿಯಾ ಈ ಮೂರೇ ರಾಗಗಳು. ಬೆಳಿಗ್ಗೆಗೆ ಒಂದು, ಮಧ್ಯಾಹ್ನ ಕಳೆದ ಮೇಲೆ ಒಂದು, ಸಂಜೆಗೆ ಒಂದು. ಇವು ಮೂರು ಕೈವಶವಾದರೆ ಉಳಿದವು ತಾವಾಗಿ ಬರುತ್ತವೆ ಎಂಬ ನಂಬಿಕೆ. ನಾಲ್ಕು ವರ್ಷದ ನಂತರ ಶಿಷ್ಯ ಹೊರಬಿದ್ದಾಗ ಆ ನಂಬಿಕೆ ಹುಸಿಯಾಗಿರಲಿಲ್ಲ.

ನೀರು ಹೊರಿಸಿದ್ದನ್ನು ಹೊಗಳುವವರಿದ್ದಾರೆ. ನನಗೆ ಅದು ಅಷ್ಟು ಒಪ್ಪಿಗೆಯಲ್ಲ. ಹದಿನಾಲ್ಕು ವರ್ಷದ ಹುಡುಗನಿಗೆ ಅಷ್ಟು ದಿನ ಪಾಠವಿಲ್ಲದೆ ಕೊಡ ಹೊರಿಸಬಹುದಿತ್ತೇ ಎಂದು ಇಂದಿನ ಕಣ್ಣಿನಿಂದ ಕೇಳಬೇಕು. ಆದರೆ ಭೀಮಸೇನರು ಮುಂದೆ ಬಾಳಿನುದ್ದಕ್ಕೂ ಗುರುವಿಗಾಗಿ ಮಾಡಿದ್ದನ್ನು ನೋಡಿದರೆ ಅವರ ಮನಸ್ಸಿನಲ್ಲಿ ಕಹಿ ಉಳಿದಿರಲಿಲ್ಲ ಎಂಬುದು ಖಚಿತ.

ಮುಂಬಯಿಯ ಪಾರಸಿ ಮನೆತನದ ಫಿರೋಜ್ ದಸ್ತೂರ್ ಇನ್ನೊಬ್ಬ ಶಿಷ್ಯರು. ಬಾಲನಟರಾಗಿ ಸಿನಿಮಾದಲ್ಲಿದ್ದವರು, ಅದನ್ನು ಬಿಟ್ಟು ಈ ಸಂಗೀತಕ್ಕೆ ಬಂದರು. ನಮ್ಮ ತಾಲ್ಲೂಕಿನ ಯಲಿವಾಳದ ಬಸವರಾಜ ರಾಜಗುರುಗಳು ಗದಗಿನ ಪಂಚಾಕ್ಷರಿ ಗವಾಯಿಗಳ ಶಿಷ್ಯರು. ಅವರೂ ಸವಾಯಿ ಗಂಧರ್ವರ ಬಳಿ ಕಲಿತರು. ಒಬ್ಬ ಪಾರಸಿ, ಒಬ್ಬ ಜಂಗಮ, ಒಬ್ಬ ಬ್ರಾಹ್ಮಣ, ಅಂಬಿಗ ಕುಲದ ಒಬ್ಬ ಹೆಣ್ಣುಮಗಳು. ಇವರಿಗೆಲ್ಲ ಕಲಿಸಿದವರು ಒಬ್ಬ ಮುಸ್ಲಿಂ ಉಸ್ತಾದರ ಶಿಷ್ಯ. ಇವರಲ್ಲಿ ಒಬ್ಬರ ಧ್ವನಿ ಇನ್ನೊಬ್ಬರದರ ಹಾಗಿಲ್ಲ. ಗಂಗೂಬಾಯಿಯವರದು ಗಂಡುದನಿ ಎನ್ನಿಸುವಷ್ಟು ಗಂಭೀರ, ದಸ್ತೂರರದು ಖಾನ್ ಸಾಹೇಬರನ್ನು ನೆನಪಿಸುವ ನಯ, ಭೀಮಸೇನರದು ಮುಂಗಾರಿನ ಗುಡುಗು. ಟಾಲಿನ್‌ನ ಗೆಳೆಯನಿಗೆ ನಾನು ಕೊನೆಗೆ ಹೇಳಿದ್ದು ಇದನ್ನೇ. ನಿಮ್ಮವರು ಮೂವತ್ತು ಸಾವಿರ ಕಂಠ ಒಂದೇ ಆಗಿ ಕೇಳಿಸುವಂತೆ ಮಾಡಿದರು, ನಮ್ಮವರು ಒಂದೇ ಪಾಠದಿಂದ ಒಂದಕ್ಕೊಂದು ಹೋಲದ ಕಂಠಗಳನ್ನು ತಯಾರಿಸಿದರು ಎಂದು.

1937ರ ಅಕ್ಟೋಬರ್ 27ರಂದು ಅಬ್ದುಲ್ ಕರೀಮ್ ಖಾನ್ ಸಾಹೇಬರು ಪಾಂಡಿಚೇರಿಗೆ ಹೋಗುವ ದಾರಿಯಲ್ಲಿ, ಮದರಾಸಿನ ಆಚೆಯ ಸಿಂಗಪೆರುಮಾಳ್‌ಕೋಯಿಲ್ ಎಂಬ ಸಣ್ಣ ರೈಲು ನಿಲ್ದಾಣದಲ್ಲಿ ತೀರಿಕೊಂಡರು. ಮೀರಜ್‌ನ ದರ್ಗಾದಲ್ಲಿ ಅವರ ಸಮಾಧಿ ಇದೆ. ಗುರು ಹೋದ ಮೇಲೆ ಆ ಹಾಡಿನ ಹೊರೆ ಹೆಚ್ಚಾಗಿ ಶಿಷ್ಯರ ಹೆಗಲ ಮೇಲೆ ಬಿತ್ತು. ಅವರು ಅದನ್ನು ಪೂರ್ತಿಯಾಗಿ ಹೊತ್ತದ್ದು ಐದೇ ವರ್ಷ.

1942ರಲ್ಲಿ ಸವಾಯಿ ಗಂಧರ್ವರಿಗೆ ಪಾರ್ಶ್ವವಾಯು ಹೊಡೆಯಿತು. ಐವತ್ತಾರು ವರ್ಷ. ಕಚೇರಿಗಳು ಅಲ್ಲಿಗೆ ನಿಂತವು. ಹನ್ನೆರಡು ವರ್ಷದವನಿದ್ದಾಗ ಇನ್ನೂರು ರಚನೆ ಹಾಡುತ್ತಿದ್ದ, ಗಡಸು ಕಂಠವನ್ನು ಎಂಟು ವರ್ಷ ತಿಕ್ಕಿ ಪಳಗಿಸಿದ, ಅಮರಾವತಿಯ ಜನರನ್ನು ಸುಭದ್ರೆಯಾಗಿ ಮರುಳು ಮಾಡಿದ ಮನುಷ್ಯ ಹಾಡಲಾರದೆ ಕುಳಿತರು. ಒಂದು ದಿನ ಎರಡು ದಿನವಲ್ಲ, ಹತ್ತು ವರ್ಷ. ಕಲಿಸುವುದನ್ನು ಮಾತ್ರ ಅವರು ಬಿಡಲಿಲ್ಲ. ಹಾಡಿ ತೋರಿಸಲಾಗದ ಗುರು ಹೇಗೆ ಕಲಿಸಿರಬಹುದು? ಶಿಷ್ಯ ಹಾಡಿದಾಗ ತಪ್ಪು ಕಿವಿಗೆ ಬೀಳುತ್ತದೆ, ಸರಿ ಯಾವುದೆಂದು ತಲೆಯೊಳಗೆ ಸ್ಪಷ್ಟವಾಗಿ ಕೇಳಿಸುತ್ತಿರುತ್ತದೆ, ಹೊರಗೆ ಬರುವುದಿಲ್ಲ. ನನ್ನ ಅಜ್ಜನಿಗೆ ಕೊನೆಯ ಎರಡು ವರ್ಷ ಇದೇ ಕಾಯಿಲೆ ಇತ್ತು. ಒಂದು ಲೋಟ ನೀರು ಬೇಕೆಂದು ಹೇಳಲು ಅವರು ಪಡುತ್ತಿದ್ದ ಪಾಡು ನೋಡಿದ್ದೇನೆ. ಅದಕ್ಕೇ ಈ ಹತ್ತು ವರ್ಷದ ಬಗ್ಗೆ ಹೆಚ್ಚು ಬರೆಯಲು ನನ್ನಿಂದಾಗುವುದಿಲ್ಲ.

1946ರ ಜನವರಿಯಲ್ಲಿ ಗುರುಗಳಿಗೆ ಅರವತ್ತು ತುಂಬಿದಾಗ ಶಿಷ್ಯರು, ಅಭಿಮಾನಿಗಳು ಪುಣೆಯಲ್ಲಿ ಸಮಾರಂಭ ಮಾಡಿದರು. ಅಲ್ಲಿ ಇಪ್ಪತ್ತನಾಲ್ಕು ತುಂಬದ ಭೀಮಸೇನ ಜೋಶಿ ಗುರುವಿನ ಮುಂದೆ ಹಾಡಿದರು. ಅಂದಿನ ಹಾಡಿನಿಂದಲೇ ಮಹಾರಾಷ್ಟ್ರಕ್ಕೆಲ್ಲ ಅವರ ಹೆಸರು ಹರಡಿತು ಎನ್ನುತ್ತಾರೆ.

1952ರ ಸೆಪ್ಟೆಂಬರ್ 12ರಂದು ಸವಾಯಿ ಗಂಧರ್ವರು ಪುಣೆಯಲ್ಲಿ ನಿಧನರಾದರು. ಮರುವರ್ಷ, 1953ರಲ್ಲಿ, ಮೊದಲ ಪುಣ್ಯತಿಥಿಗೆ ಪುಣೆಯಲ್ಲಿ ಸಂಗೀತೋತ್ಸವ ಶುರುವಾಯಿತು. ಭೀಮಸೇನರು ದಶಕಗಳ ಕಾಲ ಅದನ್ನು ಹೆಗಲ ಮೇಲೆ ಹೊತ್ತು ನಡೆಸಿದರು. ದೇಶದ ಎಲ್ಲ ಮೂಲೆಯ ಕಲಾವಿದರೂ ಅಲ್ಲಿ ಹಾಡುವುದು ಗೌರವ ಎಂದು ತಿಳಿಯುವಷ್ಟು ಅದು ಬೆಳೆಯಿತು. ಈಗ ಆ ಉತ್ಸವದ ಹೆಸರಿನಲ್ಲಿ ಗುರುವಿನ ಜೊತೆಗೆ ಶಿಷ್ಯನ ಹೆಸರೂ ಸೇರಿದೆ. ಗಂಗೂಬಾಯಿಯವರಿಗೆ 2002ರಲ್ಲಿ ಪದ್ಮವಿಭೂಷಣ, ಭೀಮಸೇನರಿಗೆ 2008ರಲ್ಲಿ ಭಾರತರತ್ನ ಘೋಷಣೆಯಾದವು. ಇಬ್ಬರ ಮಾತಿನಲ್ಲೂ ಕೊನೆಯವರೆಗೆ ಕುಂದಗೋಳದ ಗುರು ಇದ್ದೇ ಇದ್ದರು.

ಕುಂದಗೋಳದಲ್ಲೂ ನಾಡಿಗೇರ ವಾಡೆಯಲ್ಲಿ ಪುಣ್ಯತಿಥಿಯ ಸಂಗೀತೋತ್ಸವ ನಡೆಯುತ್ತಾ ಬಂದಿದೆ. ಗಂಗೂಬಾಯಿ, ಭೀಮಸೇನ, ದಸ್ತೂರ್, ರಾಜಗುರು ಎಲ್ಲರೂ ಅಲ್ಲಿ ಗುರುವಿನ ಊರು ಎಂದು ಬಂದು ಹಾಡಿದವರು. ನನ್ನ ಅಜ್ಜ ಬೆಳೆಯ ಕೆಲಸ ಇಲ್ಲದ ವರ್ಷ ತಪ್ಪದೆ ಹೋಗುತ್ತಿದ್ದರು. ಕಂಬಳಿ ಹೊದ್ದು ರಾತ್ರಿಯೆಲ್ಲ ಕುಳಿತು ಬೆಳಗಿನ ಗಾಡಿಗೆ ಬರುತ್ತಿದ್ದರು. ಅಜ್ಜ ಮೂರನೆಯ ಇಯತ್ತೆಯವರೆಗೆ ಮಾತ್ರ ಓದಿದವರು, ರಾಗದ ಹೆಸರು ಒಂದೂ ಗೊತ್ತಿರಲಿಲ್ಲ. ನನಗೆ ಏಳೆಂಟು ವರ್ಷವಿದ್ದಾಗ ಒಮ್ಮೆ ಕರೆದುಕೊಂಡು ಹೋಗಿದ್ದರು. ನಾನು ಅವರ ತೊಡೆಯ ಮೇಲೆ ನಿದ್ದೆ ಮಾಡಿದೆ. ಅಂದು ಯಾರು ಹಾಡಿದರು ಎಂಬುದನ್ನು ಈಗ ಕೇಳೋಣವೆಂದರೆ ಅಜ್ಜ ಇಲ್ಲ.

ಕಳೆದ ದೀಪಾವಳಿಗೆ ಊರಿಗೆ ಬಂದಾಗ ಕುಂದಗೋಳಕ್ಕೆ ಹೋಗಿ ವಾಡೆಯನ್ನು ನೋಡಿದೆ. ಅಲ್ಲಿಂದ ಹುಬ್ಬಳ್ಳಿಗೆ ಹೋಗಿ ದೇಶಪಾಂಡೆ ನಗರದಲ್ಲಿ ಮಾವನ ಹಳೆಯ ಮನೆಯಿಂದ ಸಭಾಭವನದವರೆಗೆ ಮತ್ತೆ ನಡೆದೆ. ಒಳಗೆ ಯಾವುದೋ ಶಾಲೆಯ ವಾರ್ಷಿಕೋತ್ಸವಕ್ಕೆ ಮಕ್ಕಳು ನೃತ್ಯದ ತಾಲೀಮು ಮಾಡುತ್ತಿದ್ದರು. ಬಾಗಿಲ ಬಳಿ ನಿಂತಿದ್ದ ಒಬ್ಬ ಹುಡುಗನಿಗೆ ಈ ಹೆಸರಿನವರು ಯಾರು ಗೊತ್ತೇ ಎಂದು ಕೇಳಿದೆ. ಗೊತ್ತಿಲ್ಲ ಅಂಕಲ್ ಎಂದ. ಸವಾ ಅಂದರೆ ಎಷ್ಟು ಎಂಬಲ್ಲಿಂದ ಶುರುಮಾಡಿ ಹತ್ತು ನಿಮಿಷ ಹೇಳಿದೆ. ಅವನ ಮೇಡಂ ಕರೆಯುವವರೆಗೆ ನಿಂತು ಕೇಳಿದ.

ಕೊನೆಗೆ ಊರಿನ ಹಿರಿಯರಲ್ಲಿ, ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ನಿಮ್ಮ ಮನೆಯ ಅಟ್ಟದ ಮೇಲೆ ಹಳೆಯ ಗ್ರಾಮಾಫೋನ್ ತಟ್ಟೆಗಳು, ಕುಂದಗೋಳದ ಉತ್ಸವದ ಆಮಂತ್ರಣ ಪತ್ರಿಕೆಗಳು, ಅಲ್ಲಿ ಯಾರಾದರೂ ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟ ಹಾಡುಗಳು ಇದ್ದರೆ ಶಾಲೆಯ ಕಚೇರಿಗೆ ತಿಳಿಸಿ. ಕ್ಯಾಸೆಟ್ ತುಂಡಾಗಿದ್ದರೂ ಎಸೆಯಬೇಡಿ. ಅವನ್ನು ಕಂಪ್ಯೂಟರಿಗೆ ಇಳಿಸಿ, ಮೂಲವನ್ನು ನಿಮಗೆ ಹಾಗೆಯೇ ಮರಳಿಸುತ್ತೇನೆ. ಒಂದು ಪ್ರತಿ ಶಾಲೆಯಲ್ಲಿರಲಿ. ಮುಖ್ಯೋಪಾಧ್ಯಾಯರ ಒಪ್ಪಿಗೆ ಕೇಳಿದ್ದೇನೆ. ಜೂನ್‌ನಿಂದ ತಿಂಗಳಿಗೆ ಎರಡು ಶನಿವಾರ ನಾನು ಊರಲ್ಲಿರುತ್ತೇನೆ. ಮಧ್ಯಾಹ್ನ ಎರಡರಿಂದ ಏಳರವರೆಗೆ ಹತ್ತನೆಯ ತರಗತಿಯ ಕೋಣೆಯಲ್ಲಿ ಸಿಗುತ್ತೇನೆ, ಗಣಿತದ ಪುಸ್ತಕದ ಜೊತೆಗೆ.